ಜಪಾನ್ ಪ್ರವಾಸ: ದೊಡ್ಡ ಸೂಟ್‌ಕೇಸ್ ಮೊದಲೇ ಕಳಿಸಿಬಿಡಿ
ಟೋಕಿಯೋದಿಂದ ಕ್ಯೋಟೋಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ದೊಡ್ಡ ಸೂಟ್‌ಕೇಸನ್ನು ಹೋಟೆಲ್ ರಿಸೆಪ್ಷನ್‌ನಲ್ಲಿ 'ತಕ್ಕ್ಯೂಬಿನ್' (ಸಾಮಾನು ತಲುಪಿಸುವ ಕೊರಿಯರ್ ಸೇವೆ) ಎಂದು ಹೇಳಿ ಕೊಟ್ಟುಬಿಡಿ. ಸಾಮಾನ್ಯವಾಗಿ ಮರುದಿನ ಮುಂದಿನ ಹೋಟೆಲ್‌ಗೇ ತಲುಪಿರುತ್ತದೆ. ಯಮಾಟೋ ಕಂಪನಿ 1976ರಲ್ಲಿ ಶುರುಮಾಡಿದ ಸೇವೆ ಇದು, ಅಲ್ಲಿನವರೇ ದಿನನಿತ್ಯ ಬಳಸುತ್ತಾರೆ. ಉದ್ದ, ಅಗಲ, ಎತ್ತರ ಸೇರಿ 160 ಸೆಂ.ಮೀ. ದಾಟಿದ ಪೆಟ್ಟಿಗೆಗೆ ಈ ದಾರಿಯ ಶಿಂಕಾನ್‌ಸೆನ್ (ಬುಲೆಟ್) ರೈಲಿನಲ್ಲಿ 2020ರಿಂದ ಮೊದಲೇ ಜಾಗ ಬುಕ್ ಮಾಡಬೇಕು. ಆ ತಲೆನೋವೂ ತಪ್ಪುತ್ತದೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರಂತೂ ಇದನ್ನೇ ಮಾಡಿ, ನಿಲ್ದಾಣದ ಮೆಟ್ಟಿಲು ಜಾಸ್ತಿ. ಆದರೆ ಕೊಟ್ಟ ದಿನವೇ ತಲುಪಬೇಕೆಂದರೆ ಸಾಮಾನ್ಯವಾಗಿ ಆಗುವುದಿಲ್ಲ. ದೂರದ ಹೊಕ್ಕೈಡೊ, ಓಕಿನಾವಾ ದ್ವೀಪಗಳ ಕಡೆಗೆ ಹೆಚ್ಚು ದಿನ ಹಿಡಿಯುತ್ತದೆ, ಚಂಡಮಾರುತ ಬಂದರೆ ಇನ್ನೂ ತಡ. ರಿಸೆಪ್ಷನ್ ಇಲ್ಲದ ಬಾಡಿಗೆ ಮನೆಗೆ ಕಳಿಸಬೇಡಿ. ಪಾಸ್‌ಪೋರ್ಟ್, ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಸಸ್ಯಾಹಾರಿಗಳಾದರೆ ಚಟ್ನಿಪುಡಿಯೂ.