ಓಟಿನ ಕೆಲಸಕ್ಕೆ ಯಾರನ್ನು ಕೇಳಬೇಕು?

ಸೋಮವಾರಪೇಟೆ ಕಡೆಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಮತಗಟ್ಟೆಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೂಡ ನಾನೇ. ಓಟಿನ ದೂರು ಹಿಡಿದು ಬಂದವರನ್ನು ಮೊದಲು ಕೇಳುವುದು ಒಂದೇ: ಯಾವ ಚುನಾವಣೆ?

ಲೋಕಸಭೆ, ವಿಧಾನಸಭೆ ಆದರೆ ಭಾರತ ಚುನಾವಣಾ ಆಯೋಗ. ಸಂವಿಧಾನದ 324ನೇ ವಿಧಿ ಅದಕ್ಕೆ ಆ ಅಧಿಕಾರ ಕೊಟ್ಟಿದೆ. ಪಂಚಾಯಿತಿಗಳು, ಮಡಿಕೇರಿ ನಗರಸಭೆ ಆದರೆ ರಾಜ್ಯ ಚುನಾವಣಾ ಆಯೋಗ. ಒಂದು ಇನ್ನೊಂದರ ಕೈಕೆಳಗಿಲ್ಲ. ಎರಡಕ್ಕೂ ಊರಲ್ಲಿ ಓಡಾಡುವವರು ಮಾತ್ರ ಅದೇ ಡಿಸಿ, ತಹಶೀಲ್ದಾರ್, ಮೇಷ್ಟ್ರುಗಳು. ಗೊಂದಲ ಅಲ್ಲೇ ಶುರು.

ಪಂಚಾಯಿತಿ ಮತದಾರರ ಪಟ್ಟಿಯೂ ವಿಧಾನಸಭೆ ಪಟ್ಟಿಯಿಂದಲೇ ತಯಾರಾಗುತ್ತದೆ. ಹಾಗಾಗಿ ಮೊದಲು ಅಲ್ಲಿ ಹೆಸರು ಸರಿಮಾಡಿಸಿ. ಹೊಸಬರಿಗೆ ನಮೂನೆ 6. ಮನೆ ಬದಲಾದರೆ ನಮೂನೆ 8. ತೋಟದ ಲೈನ್ ಮನೆಯವರು (ಕೂಲಿಯವರ ಸಾಲುಮನೆಗಳಲ್ಲಿ ಇರುವವರು) ಇದನ್ನು ದಯವಿಟ್ಟು ಬಿಡಬೇಡಿ. ತೋಟ ಬದಲಾಯಿಸುತ್ತೀರಿ, ಹೆಸರು ಹಳೇ ಕಡೆಯೇ ಉಳಿಯುತ್ತದೆ. ಮನೆ ನಿಮ್ಮದಲ್ಲದಿದ್ದರೂ ಪರವಾಗಿಲ್ಲ, ಅಲ್ಲಿ ವಾಸವಿದ್ದರೆ ಸಾಕು. ಯಾರಾದರೂ ಆಗಲ್ಲ ಎಂದರೆ ಸುಮ್ನೆ ವಾಪಸ್ ಹೋಗಬೇಡಿ, ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಪಂಚಾಯಿತಿಯ ಕರಡು ಪಟ್ಟಿ ಬಂದಾಗ ವಾರ್ಡ್ ಸರಿ ಇದೆಯಾ ಅಂತ ಮತ್ತೆ ನೋಡಿ.

ಇನ್ನೊಂದು ವಿಷಯ ನನಗೆ ತುಂಬಾ ನೋವು ಕೊಡುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು, ಆದರೆ ಆಗ ಹೊಸ ಚುನಾವಣೆ ನಡೆಯಲಿಲ್ಲ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗವಾದರೂ, ಮೀಸಲಾತಿ ಪಟ್ಟಿ (ಯಾವ ಸ್ಥಾನ ಯಾವ ವರ್ಗಕ್ಕೆ ಎಂಬುದು) ಕೊಡಬೇಕಾದದ್ದು ರಾಜ್ಯ ಸರ್ಕಾರ. ಚುನಾವಣೆ ಯಾವಾಗ ಎಂದು ಆಯೋಗಕ್ಕೆ ಪತ್ರ ಬರೆದರೆ, ಒಂದು ಪ್ರತಿಯನ್ನು ಸರ್ಕಾರದ ಗ್ರಾಮೀಣಾಭಿವೃದ್ಧಿ ಇಲಾಖೆಗೂ ಕಳಿಸಿ.