ಮುಚ್ಚಿಹೋದ ಕಾಡುದಾರಿಯ ಜಾಡು ಹಿಡಿಯುವುದು

ಹಳೆಯ ಕಾಡುದಾರಿ ಹುಡುಕಲು ಹೊರಟವರು ಸಾಮಾನ್ಯವಾಗಿ ನೆಲ ನೋಡುತ್ತಾ ನಡೆಯುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಯಾರೂ ತುಳಿಯದ ಜಾಗದಲ್ಲಿ ನೆಲ ಹೆಚ್ಚೇನೂ ಹೇಳುವುದಿಲ್ಲ. ತರಗೆಲೆ, ಪೊದೆ, ಮುರಿದುಬಿದ್ದ ಕೊಂಬೆ ಎಲ್ಲ ಕಡೆಯೂ ಒಂದೇ ಥರ. ಈ ದಾರಿ ಯಾರಿಗಾಗಿ ಆಗಿತ್ತು ಅನ್ನುವುದು ನನ್ನ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಏರಿನ ಲೆಕ್ಕ ಸಿಗುತ್ತದೆ, ಏರಿನ ಲೆಕ್ಕ ಸಿಕ್ಕರೆ ದಾರಿ ಅರ್ಧ ಸಿಕ್ಕಂತೆಯೇ.

ದಿಮ್ಮಿ ಸಾಗಿಸಲು ಹಾಕಿದ ಸಣ್ಣ ರೈಲಿನ ಹಾದಿ ಸಾಮಾನ್ಯವಾಗಿ 100 ಮೀಟರಿಗೆ 3–4 ಮೀಟರ್ ಏರುತ್ತದೆ. ಗಾಡಿದಾರಿ 5ರಿಂದ 8. ಹೇರು ಹೊತ್ತ ಕುದುರೆ, ಹೇಸರಗತ್ತೆಗಳಿಗೆ ಮಾಡಿದ ದಾರಿ 10ರಿಂದ 15. ಬರೀ ಕಾಲ್ನಡಿಗೆಯದಾದರೆ 25–30ನ್ನೂ ದಾಟಿ ಏಣಿನ (ಬೆಟ್ಟದ ಉದ್ದನೆಯ ಬೆನ್ನಿನ) ಮೇಲೆ ನೆಟ್ಟಗೆ ಹತ್ತಿಬಿಡುತ್ತದೆ. ಒಮ್ಮೆ ಹಾಕಿದ ಏರನ್ನು ಕಟ್ಟಿದವರು ಸುಮ್ಮಸುಮ್ಮನೆ ಬದಲಿಸುವುದಿಲ್ಲ. ಶೇಕಡಾ 12ರಲ್ಲಿ ಸಾಗುತ್ತಿದ್ದ ಜಾಡು ಇದ್ದಕ್ಕಿದ್ದಂತೆ ಮಟ್ಟಸವಾದರೆ, ಇಲ್ಲವೇ 30ಕ್ಕೆ ಹಾರಿದರೆ, ದಾರಿ ಕೈತಪ್ಪಿದೆ ಎಂದೇ ತಿಳಿದು ನಿಲ್ಲುತ್ತೇನೆ. ಇಳಿಜಾರು ಅಳೆಯುವ ಕ್ಲೈನೋಮೀಟರ್ ಜೇಬಿನಲ್ಲಿರಲಿ. ದಿಕ್ಸೂಚಿಯ ಕೆಲವು ಮಾದರಿಗಳಲ್ಲಿ ಅದು ಒಳಗೇ ಬರುತ್ತದೆ, ಫೋನಿನ ಆ್ಯಪ್ ಕೂಡ ನಡೆಯುತ್ತದೆ.

ಮನೆಯಲ್ಲಿ ಕೂತು ಮಾಡುವ ಕೆಲಸ ಕಾಡಿನಲ್ಲಿ ಮಾಡುವುದಕ್ಕಿಂತ ಹೆಚ್ಚು. ಒಂದೇ ಪ್ರದೇಶದ ನಕ್ಷೆಯ ಎರಡು ಮೂರು ಆವೃತ್ತಿಗಳನ್ನು ಹುಡುಕಿ ಪಕ್ಕಪಕ್ಕ ಇಡುತ್ತೇನೆ. ಒಂದರಲ್ಲಿ ಚುಕ್ಕಿಗೆರೆಯಾಗಿದ್ದ ದಾರಿ ಮುಂದಿನದರಲ್ಲಿ ಇಲ್ಲವಾದರೆ ಅದು ಯಾವ ಅವಧಿಯಲ್ಲಿ ಬಳಕೆ ತಪ್ಪಿತೆಂದು ಅಂದಾಜು ಸಿಗುತ್ತದೆ. ಇಲ್ಲೊಂದು ಎಚ್ಚರ: ನಕ್ಷೆಯ ಅಂಚಿನಲ್ಲಿ ಮುದ್ರಣದ ವರ್ಷವೂ ಸರ್ವೆಯ ವರ್ಷವೂ ಬೇರೆ ಬೇರೆ ಇರುತ್ತವೆ. ಹಳೆಯ ಸರ್ವೆಯ ಗೆರೆಯನ್ನು ಸ್ಥಳಕ್ಕೆ ಹೋಗಿ ನೋಡದೆ ಹೊಸ ಮುದ್ರಣಕ್ಕೆ ಹಾಗೇ ಎಳೆದುಬಿಡುವುದುಂಟು. ನಂಬಬೇಕಾದದ್ದು ಸರ್ವೆಯ ವರ್ಷವನ್ನು.

1:50,000 ಮಾಪಕದ ನಕ್ಷೆಯಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಗೆರೆಯ ದಪ್ಪವೇ ಅರ್ಧ ಮಿಲಿಮೀಟರ್ ಇದ್ದರೆ ಅಲ್ಲಿಗೆ 25 ಮೀಟರ್ ಹೋಯಿತು. ಮೈಲಿಗೆ ಒಂದು ಅಂಗುಲದ ಹಳೆಯ ನಕ್ಷೆಯಾದರೆ, ಅಂದರೆ 1:63,360, ಇನ್ನೂ ಸಡಿಲ. ಸಾಲದ್ದಕ್ಕೆ ಇಕ್ಕಟ್ಟಿನ ಜಾಗದಲ್ಲಿ ಏಳೆಂಟು ತಿರುವುಗಳನ್ನು ಎರಡು ಮೂರಕ್ಕೆ ಇಳಿಸಿ ಬರೆದಿರುತ್ತಾರೆ. ಹಾಗಾಗಿ ನಕ್ಷೆಯ ಗೆರೆಯನ್ನು ನಾನು ಗೆರೆಯೆಂದು ನೋಡುವುದಿಲ್ಲ, 100 ಮೀಟರ್ ಅಗಲದ ಪಟ್ಟಿಯೆಂದು ನೋಡುತ್ತೇನೆ.

ಸ್ಕ್ಯಾನ್ ಮಾಡಿದ ನಕ್ಷೆಯನ್ನು ನಕ್ಷೆಗಳ ಕೆಲಸಕ್ಕಿರುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಇಂದಿನ ನಿರ್ದೇಶಾಂಕಗಳಿಗೆ ಕೂರಿಸಬೇಕು. ಲೆಕ್ಕಕ್ಕೆ ನಕ್ಷೆಯಲ್ಲೂ ನೆಲದಲ್ಲೂ ಗುರುತಿಸಬಲ್ಲ 3 ಬಿಂದು ಸಾಕು, ಆದರೆ ತಪ್ಪು ಗೊತ್ತಾಗಬೇಕಾದರೆ 6ರಿಂದ 8 ಬೇಕು, ಅವೂ ಹಾಳೆಯ ನಾಲ್ಕೂ ಮೂಲೆಗೆ ಹರಡಿರಬೇಕು. ಬಂಡೆಯ ಪಾತ್ರದಲ್ಲಿ ಎರಡು ತೊರೆ ಸೇರುವ ಜಾಗ, ಶಿಖರದ ಸರ್ವೆ ಕಂಬ, ಏಣು ಕವಲೊಡೆಯುವ ತುದಿ ಒಳ್ಳೆಯ ಬಿಂದುಗಳು. ಬಯಲಿನ ನದಿಯ ತಿರುವು, ರಸ್ತೆ ಕೂಡುವ ಜಾಗ ಬೇಡ, ಅವು ಸರಿದಿರುತ್ತವೆ. ನಕ್ಷೆಯ ಡೇಟಮ್ (ಅಕ್ಷಾಂಶ–ರೇಖಾಂಶ ಅಳೆಯಲು ಭೂಮಿಯ ಆಕಾರಕ್ಕೆ ಹಿಡಿದ ಆಧಾರ) ನೋಡದೆ ಅಂಚಿನ ಅಕ್ಷಾಂಶ–ರೇಖಾಂಶಗಳನ್ನು ನೇರವಾಗಿ ಜಿಪಿಎಸ್‌ಗೆ ಹಾಕುವುದು ಇಲ್ಲಿ ಆಗುವ ದೊಡ್ಡ ತಪ್ಪು. ಜಿಪಿಎಸ್ ಬಳಸುವ ಡೇಟಮ್ ಡಬ್ಲ್ಯುಜಿಎಸ್ 84. ಎವರೆಸ್ಟ್ 1830ರಂಥ ಹಳೆಯ ಆಧಾರದ ನಕ್ಷೆಯ ಅಂಕಿಗಳು ಅದಕ್ಕಿಂತ ನೂರು ಮೀಟರಿಗೂ ಹೆಚ್ಚು ಆಚೀಚೆ ಇರಬಹುದು. ದಟ್ಟ ಕಾಡಿನಲ್ಲಿ ನೂರು ಮೀಟರ್ ಅಂದರೆ ಬೇರೆಯೇ ಕಣಿವೆ.

ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಎತ್ತರ ಅಳೆಯುವ ಲೈಡಾರ್ ಅಳತೆ ಉಚಿತವಾಗಿ ಸಿಗುವ ದೇಶಗಳಲ್ಲಿ ಕೆಲಸ ಸುಲಭ. ಮರದೆಲೆಗಳ ಸಂದಿನಿಂದ ನೆಲ ಮುಟ್ಟಿದ ಕಿರಣಗಳನ್ನಷ್ಟೇ ಸೋಸಿ ಮಾಡಿದ 1 ಮೀಟರಿಗೊಂದು ಅಳತೆಯ ಎತ್ತರದ ಮಾದರಿಯಲ್ಲಿ ಗಾಡಿದಾರಿ ಸ್ಪಷ್ಟ, ಎರಡಡಿಯ ಕಾಲುದಾರಿ ಅನುಮಾನ. ಬೆಟ್ಟಕ್ಕೆ ನೆರಳು ಬಿಡಿಸುವಾಗ ತಂತ್ರಾಂಶಗಳು ಬೆಳಕನ್ನು ವಾಯವ್ಯದಿಂದ, 315 ಡಿಗ್ರಿಯಿಂದ, ಬಿಡುವುದು ರೂಢಿ. ಆ ಬೆಳಕಿಗೆ ಸಮಾನಾಂತರವಾಗಿ ಹೋಗುವ ದಾರಿ ಕಾಣುವುದೇ ಇಲ್ಲ. ನಾಲ್ಕು ದಿಕ್ಕಿನ ಬೆಳಕಿನಲ್ಲಿ ಬೇರೆ ಬೇರೆ ಚಿತ್ರ ಮಾಡಿ, ಇಲ್ಲವೇ ಕಡಿದಾದಷ್ಟೂ ಕಪ್ಪಾಗುವ ಇಳಿಜಾರಿನ ಚಿತ್ರ ಮಾಡಿ. ಕಡಿದಾದ ಕಪ್ಪು ಮೈಯಲ್ಲಿ ದಾರಿ ತಿಳಿಬಣ್ಣದ ಎಳೆಯಾಗಿ ಎದ್ದುಬರುತ್ತದೆ. ಲೈಡಾರ್ ಇಲ್ಲದ ಕಡೆ 30 ಮೀಟರಿಗೊಂದು ಅಳತೆಯ ಎತ್ತರದ ಮಾದರಿಯಲ್ಲಿ ದಾರಿ ಹುಡುಕಬೇಡಿ, ಅದರಿಂದ ಏರು ಲೆಕ್ಕ ಹಾಕಿಕೊಳ್ಳಿ ಅಷ್ಟೇ. 1960ರಿಂದ 1972ರವರೆಗೆ ತೆಗೆದ ಅಮೆರಿಕದ ಕರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನು 1995ರಲ್ಲಿ ಸಾರ್ವಜನಿಕರಿಗೆ ಬಿಟ್ಟರು. ಹುಲ್ಲುಗಾವಲು, ಎಲೆಯುದುರಿದ ಕಾಡುಗಳ ಮಟ್ಟಿಗೆ ಅವು ಉಪಯುಕ್ತ, ನಿತ್ಯಹಸಿರು ಕಾಡಿಗೆ ಪ್ರಯೋಜನವಿಲ್ಲ.

ಹಳಬರನ್ನು ಕೇಳುವುದಕ್ಕೂ ಒಂದು ಕ್ರಮವಿದೆ. "ಅಲ್ಲಿ ದಾರಿ ಇದೆಯಾ?" ಎಂದರೆ "ಈಗೆಲ್ಲಿ, ಎಲ್ಲಾ ಮುಚ್ಚಿಹೋಗಿದೆ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಆಚೆ ಕಣಿವೆಗೆ ಹೋಗುವಾಗ ಎಲ್ಲಿ ನೀರು ಕುಡಿಯುತ್ತಿದ್ದಿರಿ, ಹೊರೆ ಎಲ್ಲಿ ಇಳಿಸುತ್ತಿದ್ದಿರಿ, ಹಳ್ಳ ತುಂಬಿದಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಮೂರು ಜಾಗ ನಿಖರವಾಗಿ ಸಿಗುತ್ತವೆ. ದಾರಿ ಯಾಕೆ ನಿಂತಿತು ಎಂದೂ ಕೇಳಬೇಕು. ಕುಸಿತ, ಪ್ರಾಣಿಗಳ ಸಂರಕ್ಷಣೆ, ಹಳೆಯ ಗಣಿಯ ಬಾವಿಗಳ ಕಾರಣಕ್ಕೆ ಬೇಕೆಂದೇ ಮುಚ್ಚಿದ ದಾರಿಗಳಿವೆ. ಕಾಡು ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಇಲ್ಲದೆ ನಾನು ಕಾಲಿಡುವುದಿಲ್ಲ.

ಇಷ್ಟಾದ ಮೇಲೆ ನಕ್ಷೆಯ ಮೇಲೆ ಬಿಟ್ಟು ಹೋಗಲಾಗದ ಜಾಗಗಳನ್ನು ಗುರುತಿಸುತ್ತೇನೆ: ಎರಡು ಬೆಟ್ಟದ ನಡುವಿನ ತಗ್ಗು, ಬಂಡೆಸಾಲಿನ ಒಂದೇ ಕಿಂಡಿ, ಹಳ್ಳ ದಾಟಬಹುದಾದ ಪಾತ್ರ. ನಡುವೆ ದಾರಿ ಹೇಗಾದರೂ ಹೋಗಿರಲಿ, ಇಲ್ಲಿ ಹಾಯಲೇಬೇಕು. ಬುಡದಿಂದ ಜಾಡು ಹಿಡಿಯುವುದಕ್ಕಿಂತ ತಗ್ಗಿನಲ್ಲಿ ದಾರಿಯನ್ನು ಖಚಿತ ಮಾಡಿಕೊಂಡು ಎರಡೂ ಕಡೆ ಕೆಳಗೆ ಬಿಡಿಸುತ್ತಾ ಬರುವುದು ಮೇಲು. ಬುಡದಲ್ಲಿ ಊರು, ತೋಟ, ಹೊಸ ರಸ್ತೆಗಳು ಹಳೆಯದನ್ನೆಲ್ಲ ಕಲಸಿಬಿಟ್ಟಿರುತ್ತವೆ. ಒಂದು ತೊಡಕಿದೆ: ಏಣುಗಳು ಹತ್ತುವಾಗ ಒಂದಾಗುತ್ತವೆ, ಇಳಿಯುವಾಗ ಕವಲೊಡೆಯುತ್ತವೆ. ಪ್ರತಿ ಕವಲಿನಲ್ಲೂ ದಿಕ್ಸೂಚಿ ನೋಡದೆ ಇಳಿಯುವಂತಿಲ್ಲ.

ಇನ್ನು ಕಣ್ಣಿಗೆ ಬೀಳುವ ಗುರುತುಗಳು. ಇಳಿಜಾರಿನಲ್ಲಿ ಕಡಿದ ದಾರಿಗೆ ಮೇಲ್ಬದಿಯಲ್ಲಿ ದರೆ, ಕೆಳಬದಿಯಲ್ಲಿ ಸುರಿದ ಮಣ್ಣಿನ ಅಂಚು ಇದ್ದೇ ಇರುತ್ತದೆ. ಕಾಲಾಂತರದಲ್ಲಿ ದರೆಯ ಮಣ್ಣು ಜಾರಿ ಒಂದು ಮೀಟರಿನ ದಾರಿ ಒಂದಡಿಗೆ ಇಳಿದು ಹೊರಗೆ ವಾಲಿಕೊಂಡಿರುತ್ತದೆ. ಕೋಲು ಚುಚ್ಚಿ ನೋಡಿ. ತುಳಿದು ಗಟ್ಟಿಯಾದ ನೆಲದಲ್ಲಿ ತರಗೆಲೆ ದಾಟಿ ಎರಡು ಬೆರಳಗಲ ಇಳಿದು ಟಕ್ಕೆಂದು ನಿಲ್ಲುತ್ತದೆ. ಪಕ್ಕದ ಕಾಡುಮಣ್ಣಿನಲ್ಲಿ ಗೇಣುದ್ದ ಇಳಿಯುತ್ತದೆ. ಜಾರಿದ ಮಣ್ಣಿನಡಿ ಹಳೆಯ ಅಂಚು ಎಲ್ಲಿದೆಯೆಂದು ಪತ್ತೆಹಚ್ಚಲು ಇದಕ್ಕಿಂತ ಸುಲಭದ ಉಪಾಯ ಕಂಡಿಲ್ಲ. ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ, ಅದೂ ಹಿಂದಿರುಗಿ ನೋಡಿದರೆ, ನಡುಮಧ್ಯಾಹ್ನ ಕಾಣದ ದಾರಿ ಕಾಣುತ್ತದೆ.

ದಾರಿಯ ಗುರುತಿಗೆಂದು ಮರಕ್ಕೆ ಕೊಡಲಿಯಿಂದ ಹಾಕಿದ ಕಚ್ಚು ಸಿಕ್ಕರೆ ನಿಜವಾದ ಭಾಗ್ಯ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ, ಆದ್ದರಿಂದ ಎದೆಮಟ್ಟಕ್ಕೆ ಹಾಕಿದ ಕಚ್ಚು ಐವತ್ತು ವರ್ಷವಾದರೂ ಎದೆಮಟ್ಟದಲ್ಲೇ ಇರುತ್ತದೆ. ಅದನ್ನು ತಲೆಯ ಮೇಲೆ ಹುಡುಕುವವರು ಹಿಮ ಬೀಳುವ ಸೀಮೆಯಲ್ಲಿ ಮಾತ್ರ ಸರಿ; ಅಲ್ಲಿ ಹಿಮದ ಮೇಲೆ ನಿಂತು ಹಾಕಿರುತ್ತಾರೆ. ತೊಗಟೆ ಎರಡು ಬದಿಯಿಂದ ಬೆಳೆದು ಗಾಯ ಮುಚ್ಚುತ್ತಾ ಬರುವುದರಿಂದ ಉಳಿಯುವುದು ನಿಂತ ಕಣ್ಣಿನಾಕಾರದ ಕಲೆ, ನಡುವೆ ಹೊಲಿಗೆಯಂಥ ಗೆರೆ. ಬೆಂಕಿಯ ಗಾಯವಾದರೆ ಬುಡದಿಂದಲೇ ಶುರುವಾಗಿ ತ್ರಿಕೋನವಾಗಿರುತ್ತದೆ. ಕೊಂಬೆ ಬಿದ್ದ ಗಾಯಕ್ಕೆ ಆಕಾರವಿರುವುದಿಲ್ಲ. ಅದೇ ಮರದ ಹಿಂಬದಿಯಲ್ಲೂ ಕಲೆ ಇದ್ದರೆ ಅನುಮಾನವೇ ಬೇಡ, ಹೋಗುವವರಿಗೊಂದು ಬರುವವರಿಗೊಂದು ಹಾಕಿದ್ದಾರೆ. ಗರಗಸದಿಂದ ಚಪ್ಪಟೆಯಾಗಿ ಕೊಯ್ದ ಹಳೆಯ ದಿಮ್ಮಿಯ ತುದಿ, ಕೈಯಿಂದ ಪೇರಿಸಿದ ಗಾರೆಯಿಲ್ಲದ ಕಲ್ಲುಗೋಡೆ, ಮರದಲ್ಲಿ ಹೂತುಹೋದ, ತಂತಿ ಕಟ್ಟಲು ಬಳಸುವ ಪಿಂಗಾಣಿ ಬಟ್ಟಲು (ಇನ್ಸುಲೇಟರ್), ಇವೂ ಅಷ್ಟೇ ನಂಬಿಕಸ್ಥ ಸಾಕ್ಷಿಗಳು.

ಪ್ರಾಣಿಗಳ ಜಾಡೇ ಹೆಚ್ಚು ಮೋಸ ಮಾಡುವುದು. ಏರು ಹದವಾಗಿರುವುದರಿಂದ ಮನುಷ್ಯ ಬಿಟ್ಟ ದಾರಿಯನ್ನು ಪ್ರಾಣಿಗಳು ಬಳಸುತ್ತವೆ, ನಮಗದು ಉಪಕಾರವೇ. ಆದರೆ ಮರ ಬಿದ್ದ ಕಡೆ ಅವು ತಮ್ಮ ಪಾಡಿಗೆ ತಿರುಗಿಬಿಡುತ್ತವೆ, ನಾವೂ ಹಿಂದೆಯೇ ಹೋಗುತ್ತೇವೆ. ಕೊಂಬೆಗಳು ಸೊಂಟದ ಮಟ್ಟದಲ್ಲಿ ಅಡ್ಡ ಇದ್ದು ಕೆಳಗೆ ಮಾತ್ರ ಸುರಂಗದ ಹಾಗೆ ತೆರೆದಿದ್ದರೆ, ಎಲ್ಲೂ ಕೊಯ್ದ ಗುರುತಿಲ್ಲದಿದ್ದರೆ, ಅದು ಹಂದಿ ಜಿಂಕೆಗಳದ್ದು.

ದಾರಿ ಕಳೆಯುವುದು ಸಾಮಾನ್ಯವಾಗಿ ಗೊತ್ತಿರುವ ಜಾಗಗಳಲ್ಲೇ. ಹಳ್ಳದ ಪಾತ್ರ ಪ್ರವಾಹಕ್ಕೆ ಬದಲಾಗುತ್ತದೆ, ಆದರೆ ದಂಡೆಯಲ್ಲಿ ಓರೆಯಾಗಿ ಇಳಿಸಿ ಕಡಿದ ಇಳಿದಾರಿ ಬಹುಕಾಲ ಉಳಿಯುತ್ತದೆ. ಆಚೆ ದಂಡೆಯಲ್ಲಿ ಮೇಲೆ ಕೆಳಗೆ 50–100 ಮೀಟರ್ ನಡೆದು ಅದನ್ನು ಹುಡುಕಬೇಕು. ಬಯಲು ಸಿಕ್ಕರೆ ನಡುವೆ ತಡಕಾಡದೆ ಕಾಡಿನಂಚಿನ ಸುತ್ತ ಒಂದು ಸುತ್ತು ಹಾಕುವುದು ಬೇಗ. ದಾರಿ ಕುಸಿತದ ಗುರುತೇ ಇಲ್ಲದೆ ಥಟ್ಟನೆ ನಿಂತರೆ, ಅದು ನಿಂತಿಲ್ಲ, ತಿರುಗಿದೆ. ಬೆನ್ನ ಹಿಂದೆ ಮೇಲೆ ನೋಡಿ. ತಿರುವಿನ ಜಾಗ ಉಳಿದ ದಾರಿಗಿಂತ ಅಗಲ, ಹೊರಬದಿಗೆ ಕಲ್ಲು ಕಟ್ಟಿರುವುದು ಹೆಚ್ಚು.

ಕುಸಿತ ಎದುರಾದಾಗ ಏರಿನ ಲೆಕ್ಕ ಮತ್ತೆ ಕೈ ಹಿಡಿಯುತ್ತದೆ. ಕುಸಿತ 60 ಮೀಟರ್ ಅಗಲ, ದಾರಿಯ ಏರು ಶೇಕಡಾ 10 ಅಂದರೆ ಆಚೆ ಬದಿಯಲ್ಲಿ ದಾರಿ 6 ಮೀಟರ್ ಮೇಲಿರಬೇಕು. ಈಚೆ ನಿಂತೇ ಕ್ಲೈನೋಮೀಟರ್ ಆ ಕೋನಕ್ಕೆ ಹಿಡಿದು ನೋಡಿದರೆ ಎದುರಿನ ಯಾವ ಮರದ ಬುಡಕ್ಕೆ ಹೋಗಬೇಕೆಂದು ಗೊತ್ತಾಗುತ್ತದೆ. ಕುಸಿತದ ಮೈಮೇಲೆ ಅಡ್ಡ ಹಾಯುವುದು ಬೇಡ. ಬಳಸುವುದಾದರೆ ಬಿರುಕುಗಳಿಂದ ಸಾಕಷ್ಟು ದೂರ ಸರಿದು ಮೇಲಿಂದ. ಕೆಳಗೆ ಹೋದರೆ ಉರುಳುವ ಕಲ್ಲಿನ ಬಾಯಿಗೆ ಹೋದಂತೆ. ಮಣ್ಣು ಹಸಿಯಾಗಿದ್ದು ಮರಗಳು ವಾಲಿ ನಿಂತಿದ್ದರೆ ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ಜಾಡು ತಪ್ಪಿದ ಕೂಡಲೇ ಮಾಡುವುದಿಷ್ಟು. ಕೊನೆಯ ಖಚಿತ ಜಾಗದಲ್ಲಿ ಢಾಳಾದ ರಿಬ್ಬನ್ ಕಟ್ಟಿ ಜಿಪಿಎಸ್‌ನಲ್ಲಿ ಗುರುತು ಹಾಕುತ್ತೇನೆ. ಅದೇ ಏರಿನಲ್ಲಿ 50 ಹೆಜ್ಜೆ ಮುಂದೆ ಹೋಗಿ ನೋಡುತ್ತೇನೆ. ಸಿಗದಿದ್ದರೆ ವಾಪಸ್ ಬಂದು, 20 ಮೀಟರ್ ಮೇಲಕ್ಕೆ, ಆಮೇಲೆ 20 ಮೀಟರ್ ಕೆಳಕ್ಕೆ. ದಾರಿ ಒಂದು ಗೆರೆ. ಅದರ ಗುಂಟ ಹುಡುಕಿದರೆ ಪಕ್ಕದಲ್ಲೇ ಇದ್ದರೂ ತಪ್ಪುತ್ತದೆ, ಅಡ್ಡ ಹಾಯ್ದರೆ ಕಾಲಿಗೆ ಸಿಗುತ್ತದೆ. ಜೊತೆಗಾರ ರಿಬ್ಬನ್ ಬಳಿಯೇ ನಿಂತಿರಬೇಕು, ಕೂಗು ಕೇಳಿಸದಷ್ಟು ದೂರ ಹೋಗಬಾರದು. ಜಿಪಿಎಸ್ ಅನ್ನೇ ನಂಬಿ ಇದನ್ನು ಬಿಡುವಂತಿಲ್ಲ. ದಟ್ಟ ಮರಗಳಡಿ, ಕಿರಿದಾದ ಕಣಿವೆಯಲ್ಲಿ ಅದು 10–30 ಮೀಟರ್ ತಪ್ಪು ತೋರಿಸುವುದು ಮಾಮೂಲು. ದಿಕ್ಸೂಚಿಯಲ್ಲೂ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸದ ತಿದ್ದುಪಡಿ ಮಾಡದಿದ್ದರೆ ಪ್ರತಿ ಡಿಗ್ರಿಗೆ ಕಿಲೋಮೀಟರಿಗೆ 17 ಮೀಟರ್ ಸರಿಯುತ್ತೇವೆ. ಹಳೆಯ ನಕ್ಷೆಯ ಮೇಲೆ ಅಚ್ಚಾದ ತಿದ್ದುಪಡಿ ಆ ಕಾಲದ್ದು, ಈಗಿನದನ್ನೇ ಹಾಕಬೇಕು.

ವೇಳೆಯ ಲೆಕ್ಕ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ: ಗಂಟೆಗೆ 3 ಮೈಲಿ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅದು ಒಳ್ಳೆಯ ದಾರಿಯ ಮಾತು. ಮುಚ್ಚಿದ ದಾರಿಯಲ್ಲಿ ಗಂಟೆಗೆ ಒಂದು ಕಿಲೋಮೀಟರ್ ಸಿಕ್ಕರೆ ಒಳ್ಳೆಯದು. ಮುಳ್ಳುಬಳ್ಳಿ ತುಂಬಿದ ಕಡೆ ಮುನ್ನೂರು ಮೀಟರ್. ಹೊರಡುವ ಮೊದಲೇ ಹಿಂದಿರುಗುವ ಗಂಟೆಯನ್ನು ಕಾಗದದ ಮೇಲೆ ಬರೆದು ಮನೆಯವರಿಗೂ ಹೇಳುತ್ತೇನೆ. 12 ಗಂಟೆಯ ಹಗಲಿದ್ದರೆ 5 ಗಂಟೆ ಮುಂದಕ್ಕೆ, ಅಷ್ಟೇ. "ಇನ್ನೊಂದು ತಿರುವು ನೋಡೋಣ" ಎನ್ನುವ ಜೊತೆಗಾರ ಸಿಕ್ಕರೆ ಆ ಕಾಗದ ತೋರಿಸಬೇಕು.

ಸಾಮಾನಿನಲ್ಲಿ ಜನ ಬಿಡುವುದು ಕನ್ನಡಕ. ಇಂಥ ಕಡೆ ಕಣ್ಣಿಗೆ ಕಡ್ಡಿ ಚುಚ್ಚುವುದು ಬಹಳ ಸುಲಭ, ಬಿಳಿ ಗಾಜಿನ ರಕ್ಷಣಾ ಕನ್ನಡಕ ಬೇಕೇ ಬೇಕು. ದಪ್ಪ ಕೈಗವಸು, ಕಾಗದದ ನಕ್ಷೆ, ಎರಡು ಟಾರ್ಚ್, ಇಡೀ ದಿನಕ್ಕಾಗುವ ನೀರು. ಹಳೆಯ ನಕ್ಷೆಯ ಒರತೆಯನ್ನು ನೆಚ್ಚಬೇಡಿ, ಬತ್ತಿರಬಹುದು. ಸೀಟಿಯನ್ನು ಚೀಲದೊಳಗೆ ಇಡದೆ ಕೊರಳಿಗೆ ಹಾಕಿಕೊಳ್ಳಿ. ಆಪತ್ತಿಗೆ ಬೆಟ್ಟಗಳಲ್ಲಿ ಬಳಕೆಯಲ್ಲಿರುವ ಸಂಕೇತ ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಸುಮ್ಮನಿರುವುದು, ಉತ್ತರಕ್ಕೆ ನಿಮಿಷಕ್ಕೆ ಮೂರು. ಹಳೆಯ ಮರದ ಸೇತುವೆ ಎಷ್ಟೇ ಗಟ್ಟಿ ಕಂಡರೂ ಅದರ ಮೇಲೆ ನಾನು ಭಾರ ಹಾಕುವುದಿಲ್ಲ, ಪಕ್ಕದ ಹಳ್ಳಕ್ಕೆ ಇಳಿದು ದಾಟುತ್ತೇನೆ. ಮಚ್ಚು ಒಯ್ಯುವುದಿಲ್ಲ. ದಾರಿ ಬಿಡಿಸಿ ತೆರೆಯುವುದು ಬೇರೆಯೇ ಕೆಲಸ, ಅದಕ್ಕೆ ಬೇರೆ ಅನುಮತಿ.

ದಾಖಲೆ ಮಾತ್ರ ಸ್ಥಳದಲ್ಲೇ ಆಗಬೇಕು: ಪ್ರತಿ 500 ಮೀಟರಿಗೆ ಏರು, ಅಗಲ, ಏನು ಅಡ್ಡ ಬಿದ್ದಿದೆ, ಎಷ್ಟು ಹೊತ್ತು ಹಿಡಿಯಿತು. ಜನರೇ ಸೇರಿ ಮಾಡುವ ಅಂತರ್ಜಾಲದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕುವುದಾದರೆ ಸಾದಾ ಕಾಲುದಾರಿಯೆಂದು ಹಾಕಿ ಕೈತೊಳೆದುಕೊಳ್ಳಬಾರದು. ದಾರಿ ಎಷ್ಟು ಕಾಣುತ್ತದೆ ಎಂದು ಹೇಳುವ 'ಟ್ರೇಲ್ ವಿಸಿಬಿಲಿಟಿ' ಟ್ಯಾಗಿನಲ್ಲಿ 'ಎಕ್ಸಲೆಂಟ್'ನಿಂದ 'ನೋ'ವರೆಗೆ ಆರು ಹಂತಗಳಿವೆ, ಈ ಬಗೆಯವು ಹೆಚ್ಚಾಗಿ ಕೊನೆಯ ಮೂರಕ್ಕೆ ಸೇರುತ್ತವೆ. ಬಳಕೆಯಿಂದ ಪೂರ್ತಿ ಹೋದದ್ದಕ್ಕೆ 'ಅಬ್ಯಾಂಡನ್ಡ್' ಎಂದು ಟ್ಯಾಗಿನ ಮೊದಲಿಗೆ ಸೇರಿಸುವ ಪದ ಇದೆ. ಅಧಿಕೃತವಾಗಿ ಮುಚ್ಚಿದ ದಾರಿಯಾದರೆ ಜಿಪಿಎಸ್ ಕಡತವನ್ನು ಎಲ್ಲೂ ಹಂಚುವುದಿಲ್ಲ, ಅನುಮತಿ ಕೊಟ್ಟವರಿಗೆ ಮಾತ್ರ ಕೊಡುತ್ತೇನೆ. ಕಟ್ಟಿದ ರಿಬ್ಬನ್‌ಗಳನ್ನು ಎಣಿಸಿಕೊಂಡು ವಾಪಸ್ ಬರುವಾಗ ಅಷ್ಟನ್ನೂ ಬಿಚ್ಚಿ ತರಬೇಕು. ತಪ್ಪು ಜಾಗದಲ್ಲಿ ಉಳಿದ ಒಂದು ರಿಬ್ಬನ್ ಮುಂದೆ ಬರುವವರನ್ನು ನೇರ ಬಂಡೆಯಂಚಿಗೆ ಕರೆದೊಯ್ಯಬಹುದು.