ಭಾನುವಾರ ಬೇಡಿದ್ದು, ವಾರವಿಡೀ ಮಾಡಿದ್ದು

ನಮ್ಮದು ಮೈಸೂರಿನ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಸಭೆ, ಕನ್ನಡ ಆರಾಧನೆ. ಅಲ್ಲಿ ವಿಜ್ಞಾಪನಾ ಪ್ರಾರ್ಥನೆ ನಡೆಸುವ ಸರದಿ ನನಗೆ ಹಲವು ವರ್ಷಗಳಿಂದ ಬರುತ್ತಿದೆ. ಪ್ರಸಂಗ, ಅಂದರೆ ಬೋಧನೆ, ಮುಗಿದ ಮೇಲೆ ಒಬ್ಬರು ಮುಂದೆ ಬಂದು ಸಭೆಗಾಗಿ, ಊರಿಗಾಗಿ, ದೇಶಕ್ಕಾಗಿ, ಕಾಯಿಲೆ ಬಿದ್ದವರಿಗಾಗಿ ಬೇಡಿಕೊಳ್ಳುತ್ತಾರೆ. ಪ್ರಸಂಗಕ್ಕೂ ಕಾಣಿಕೆ ಎತ್ತುವುದಕ್ಕೂ ನಡುವಿನ ಹೊತ್ತು ಎಂದು ಬಹಳ ಜನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಮಾತ್ರ ಆರಾಧನೆ ಹೊರಗಿನ ಬದುಕನ್ನು ಮುಟ್ಟುವ ಜಾಗ ಇದೇ. ಅದಕ್ಕೇ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಭಾನುವಾರ ಬಾಯಲ್ಲಿ ಬೇಡಿದ್ದಕ್ಕೆ ಆ ವಾರದೊಳಗೆ ಕೈಯಿಂದ ಒಂದು ಕೆಲಸ ಆಗಬೇಕು. ಚಿಕ್ಕದಾದರೂ ಸರಿ.

ಇದು ನಾನು ಹುಟ್ಟಿಸಿದ್ದಲ್ಲ. ಬಟ್ಟೆ ಇಲ್ಲದೆ, ಊಟ ಇಲ್ಲದೆ ಬಂದವನಿಗೆ "ಹೋಗಿ ಬಾ, ಬೆಚ್ಚಗಿರು" ಎಂದು ಹೇಳಿ ಏನೂ ಕೊಡದಿದ್ದರೆ ಏನು ಬಂತು ಎಂದು ಬೈಬಲಿನ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಕೇಳುತ್ತದೆ.

ತಯಾರಿ ಶನಿವಾರ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲೇ ಶುರುವಾಗುತ್ತದೆ. ಬೈಬಲಿನ ಒಂದು ಕೀರ್ತನೆ ಓದುತ್ತೇವೆ, ಒಂದು ಹಾಡು ಹಾಡುತ್ತೇವೆ. ಆಮೇಲೆ ಪ್ರತಿಯೊಬ್ಬರೂ ಒಂದು ಹೆಸರು ಹೇಳಬೇಕು. ಮನೆಯವರ ಹೆಸರು ಬೇಡ, ಹೊರಗಿನವರದ್ದು. ಒಮ್ಮೆ ಮಗ ಶಾಲೆಯ ಗೇಟ್ ಕಾಯುವ ಅಜ್ಜನ ಹೆಸರು ಹೇಳಿದ. ಅವರ ಕಣ್ಣಿಗೆ ಪೊರೆ ಬಂದಿದೆ ಎಂದು ಅವನಿಗೆ ಗೊತ್ತಿತ್ತು, ದೊಡ್ಡವರಾದ ನಮಗೆ ಗೊತ್ತಿರಲಿಲ್ಲ. ಪ್ರಾರ್ಥಿಸಿದ ಮೇಲೆ ಸುಮ್ನೆ ಕೂರೋಕಾಗಲ್ಲ ಅಲ್ವಾ? ನನ್ನ ಹೆಂಡತಿ ನರ್ಸ್. ಆ ವಾರವೇ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಪರೇಷನ್ ಆಯಿತು. ಭಾನುವಾರ ಶಾಲೆಯ ಎಷ್ಟೋ ಪಾಠಗಳು ಮಾಡದ ಕೆಲಸವನ್ನು ಅಜ್ಜನ ಆ ಕಣ್ಣು ನಮ್ಮ ಮಕ್ಕಳಲ್ಲಿ ಮಾಡಿತು.

ನಾನು ಪ್ರಾರ್ಥನೆಯನ್ನು ಬರೆದುಕೊಂಡು ಹೋಗುತ್ತೇನೆ. ಕೆಲವು ಹಿರಿಯರಿಗೆ ಇದು ಇಷ್ಟ ಇಲ್ಲ. ಆತ್ಮನು ನಡೆಸಿದಂತೆ ಬಾಯಿಂದ ಬರಬೇಕು ಎನ್ನುತ್ತಾರೆ. ಅವರ ಮಾತಿಗೂ ಬೇರು ಇದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಒಂದಾದವು. ಪುಸ್ತಕ ನೋಡಿ ಪ್ರಾರ್ಥಿಸುವವರೂ ಬಂದರು, ಕಣ್ಣು ಮುಚ್ಚಿ ಮನಸ್ಸಿಗೆ ಬಂದಂತೆ ಪ್ರಾರ್ಥಿಸುವವರೂ ಬಂದರು. ಮೈಸೂರು ಸೀಮೆಯ ನಮ್ಮ ಹಿರಿಯರು ಮೆಥಡಿಸ್ಟರ ವೆಸ್ಲಿಯನ್ ಮಿಷನ್ನಿನ ಕಡೆಯವರು. ಈ ಸಭೆ ಹುಟ್ಟಿದಾಗ ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳೂ ಆಗಿರಲಿಲ್ಲ. ದೇಶಕ್ಕಾಗಿ ಬೇಡುವುದು ಈ ಸಭೆಗೆ ಹುಟ್ಟಿನಿಂದ ಬಂದ ಕೆಲಸ ಎಂದೇ ನಾನು ನಂಬಿದ್ದೇನೆ. ಬರೆದುಕೊಂಡರೆ ಯಾರ ಹೆಸರೂ ಬಿಟ್ಟುಹೋಗುವುದಿಲ್ಲ. ಪ್ರಾರ್ಥನೆ ಎರಡನೇ ಪ್ರಸಂಗ ಆಗುವುದೂ ತಪ್ಪುತ್ತದೆ. ಐದು ನಿಮಿಷ ಸಾಕು, ಅದರಲ್ಲೂ ಸ್ವಲ್ಪ ಹೊತ್ತು ಮೌನ ಇರಬೇಕು.

ಇನ್ನು ಕೆಲವು ವಿಷಯದಲ್ಲಿ ನಾನು ಬಿಗಿ. ರೋಗಿಯ ಹೆಸರು ಹೇಳುವ ಮುಂಚೆ ಮನೆಯವರನ್ನು ಕೇಳುತ್ತೇನೆ, ಕಾಯಿಲೆ ಯಾವುದು ಎಂದು ಹೇಳುವುದಿಲ್ಲ. ಇದು ಹೆಂಡತಿ ಹಾಕಿದ ನಿಯಮ. ಯಾವ ಪಕ್ಷದ ಹೆಸರನ್ನೂ ಎತ್ತುವುದಿಲ್ಲ. ಕೂತವರಲ್ಲಿ ಯಾರಿಗೋ ತಾಗಲಿ ಎಂದು ಒಂದು ಮಾತನ್ನೂ ಸೇರಿಸುವುದಿಲ್ಲ. ಆದರೆ ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಬೇಡಿ ಎಂದು ಬೈಬಲಿನಲ್ಲಿ ಪೌಲನು ತಿಮೊಥೆಯನಿಗೆ ಬರೆದಿದ್ದಾನೆ. ಹಾಗಾಗಿ ನಾನು ಓಟು ಹಾಕದವರು ಗೆದ್ದರೂ ಅವರಿಗಾಗಿ ಮನಸ್ಸಿಟ್ಟು ಬೇಡುತ್ತೇನೆ.

ಬೇಡಿದ್ದಕ್ಕೆ ಕೆಲಸ ಆಗಬೇಕು ಎಂಬ ನಿಯಮ ನನ್ನನ್ನು ತುಂಬ ದೂರ ಕರೆದುಕೊಂಡು ಹೋದದ್ದು 2019ರ ಏಪ್ರಿಲ್‌ನಲ್ಲಿ. ಏಪ್ರಿಲ್ 14 ಗರಿಗಳ ಭಾನುವಾರ, ಈಸ್ಟರ್‌ಗೆ ಮುಂಚಿನ ಭಾನುವಾರ. ಅವತ್ತೇ ಅಂಬೇಡ್ಕರ್ ಜಯಂತಿ. ನಮ್ಮ ಸಭೆಯಲ್ಲಿ ಯೇಸುವಿನ ಪಟದ ಪಕ್ಕ ಬಾಬಾಸಾಹೇಬರ ಪಟ ಇರುವ ಮನೆಗಳು ಜಾಸ್ತಿ. ಗರಿ ಹಿಡಿದು ಹೊಸನ್ನ ಹಾಡಿ ಒಳಗೆ ಬಂದ ಮೇಲೆ ಸಂವಿಧಾನಕ್ಕಾಗಿ ದೇವರನ್ನು ಸ್ತುತಿಸಿದೆವು. ಪರಿಶಿಷ್ಟ ಜಾತಿಗಳ ಬಗ್ಗೆ 1950ರಲ್ಲಿ ಬಂದ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಇವತ್ತಿಗೂ ಆ ಪಟ್ಟಿಯಿಂದ ಹೊರಗಿಟ್ಟಿದೆ. ಆ ನೋವನ್ನೂ ದೇವರ ಮುಂದೆ ಇಟ್ಟೆವು. ಆ ವಾರದ ಚುನಾವಣೆ ನ್ಯಾಯವಾಗಿ ನಡೆಯಲಿ ಎಂದು ಬೇಡಿಕೊಂಡೆವು.

ನನಗೆ ಆ ಬೇಡಿಕೆಯ ಕೆಲಸ ಆಗಲೇ ಕೈಗೆ ಬಂದಿತ್ತು. ನಾನು ಹೈಸ್ಕೂಲ್ ಶಿಕ್ಷಕ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಆದೇಶ ಬಂದಿತ್ತು. ನಮ್ಮ ಕ್ಷೇತ್ರದ ಮತದಾನ ಏಪ್ರಿಲ್ 18ಕ್ಕೆ. ಅದು ಪವಿತ್ರ ಗುರುವಾರ, ಯೇಸು ಶಿಷ್ಯರ ಜೊತೆ ಮಾಡಿದ ಕೊನೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ರಾತ್ರಿ. ವಿನಾಯಿತಿ ಕೇಳಿ ಎಂದು ಕೆಲವರು ಹೇಳಿದರು. ನ್ಯಾಯವಾದ ಚುನಾವಣೆ ಕೊಡು ಎಂದು ದೇವರನ್ನು ಬೇಡಿ, ಅದನ್ನು ನಡೆಸುವ ಕೆಲಸ ನನಗೆ ಬೇಡ ಎನ್ನೋದು ನನಗೆ ಸರಿ ಕಾಣಲಿಲ್ಲ.

ಬುಧವಾರ ಮಸ್ಟರಿಂಗ್‌ನಲ್ಲಿ, ಅಂದರೆ ಸಾಮಗ್ರಿ ಹಂಚುವ ಕಡೆ, ಮತಯಂತ್ರ, ಹಾಕಿದ ಓಟಿನ ಚೀಟಿ ತೋರಿಸುವ ವಿವಿಪ್ಯಾಟ್, ಕವರ್‌ಗಳನ್ನು ತಾಳೆ ನೋಡಿ ತೆಗೆದುಕೊಂಡು, ಬಸ್ಸಿನಲ್ಲಿ ಹೋಗಿ, ಮತಗಟ್ಟೆಯಾಗಿದ್ದ ಶಾಲೆಯಲ್ಲೇ ಮಲಗಿದೆವು. ಮಲಗುವ ಮುಂಚೆ ಯೋಹಾನ 13 ಓದಿದೆ, ಯೇಸು ಶಿಷ್ಯರ ಕಾಲು ತೊಳೆದ ಭಾಗ. ಬೆಳಿಗ್ಗೆ ಅಭ್ಯರ್ಥಿಗಳ ಏಜೆಂಟರ ಮುಂದೆ ಕನಿಷ್ಠ 50 ಓಟಿನ ಅಣಕು ಮತದಾನ, ಲೆಕ್ಕ ತಾಳೆ, ಯಂತ್ರ ಅಳಿಸಿ ಸೀಲು. 7ಕ್ಕೆ ಸಾಲು ಶುರು. ಬಿಸಿಲು ಏರುವ ಮುಂಚೆ ವಯಸ್ಸಾದವರಿಗೆ ನೆರಳಲ್ಲಿ ಬೆಂಚು ಹಾಕಿಸಿದೆವು. ಕಣ್ಣು ಕಾಣದ ಒಬ್ಬ ತಾಯಿ ಬಂದರು. ಅವರ ಜೊತೆ ಬಟನ್ ಒತ್ತಲು ಹೋಗುತ್ತೇನೆ ಎಂದು ಒಬ್ಬ ಯುವಕ ಮುಂದೆ ಬಂದ. ಅವನು ಬೆಳಿಗ್ಗೆಯೇ ಇನ್ನೊಬ್ಬರಿಗೆ ಸಹಾಯಕನಾಗಿದ್ದ. ಒಬ್ಬ ಸಹಾಯಕ ಒಂದು ದಿನಕ್ಕೆ ಒಬ್ಬ ಮತದಾರರಿಗೆ ಮಾತ್ರ ಎಂಬುದು ನಿಯಮ. ಅವನನ್ನು ಬಿಡಲಿಲ್ಲ. ಸ್ವಲ್ಪ ಗಲಾಟೆ ಆಯಿತು. ತಾಯಿಯ ಮೊಮ್ಮಗಳನ್ನು ಕರೆಸಿದೆವು, 18 ತುಂಬಿದ್ದು ಗುರುತಿನ ಚೀಟಿಯಲ್ಲಿ ನೋಡಿ ಒಳಗೆ ಕಳಿಸಿದೆವು. ಆ ಅಜ್ಜಿಯ ಓಟು ಅವರದ್ದಾಗಿಯೇ ಉಳಿಯಿತು. ಅವತ್ತು ನಾನು ಕರ್ತನ ಭೋಜನಕ್ಕೆ ಹೋಗಲಾಗಲಿಲ್ಲ. ಆದರೂ ಆ ದಿನ ದೇವರ ಸೇವೆಯಿಂದ ಹೊರಗಿದ್ದೆ ಎಂದು ನನಗೆ ಅನಿಸಿಲ್ಲ.

ಈಸ್ಟರ್ ಭಾನುವಾರ ಪೀಠದ ಮುಂದೆ ರೊಟ್ಟಿಗೆ ಚಾಚಿದ ಕೈಗಳಲ್ಲೆಲ್ಲ ಎಡ ತೋರುಬೆರಳ ಮೇಲೆ ಶಾಯಿ. 1962ರ ಚುನಾವಣೆಯಿಂದ ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ.

ಹೊರಗೆ ಬರುವಷ್ಟರಲ್ಲಿ ಫೋನುಗಳಲ್ಲಿ ಸುದ್ದಿ. ಶ್ರೀಲಂಕಾದಲ್ಲಿ ಈಸ್ಟರ್ ಆರಾಧನೆಯ ಹೊತ್ತಿಗೆ ಚರ್ಚ್‌ಗಳಲ್ಲಿ, ಹೋಟೆಲುಗಳಲ್ಲಿ ಬಾಂಬ್. 250ಕ್ಕೂ ಹೆಚ್ಚು ಜನ ಸತ್ತರು. ಚುನಾವಣೆ ಮುಗಿಸಿ ಪ್ರವಾಸಕ್ಕೆ ಹೋಗಿದ್ದ ನಮ್ಮ ರಾಜ್ಯದವರೂ ಅವರಲ್ಲಿದ್ದರು. ಮುಂದಿನ ಭಾನುವಾರದ ಪ್ರಾರ್ಥನೆಯಷ್ಟು ಕಷ್ಟದ್ದನ್ನು ನಾನು ಬೇರೆ ಬರೆದಿಲ್ಲ. ಸತ್ತವರಿಗಾಗಿ ಅತ್ತು ಬೇಡುವುದು ಸುಲಭ. ಹಿಂಸಿಸುವವರಿಗಾಗಿ ಬೇಡಿ ಎಂದ ಕರ್ತನ ಮಾತನ್ನು ಬಿಟ್ಟು ಮುಂದೆ ಹೋಗುವ ಹಾಗಿರಲಿಲ್ಲ. ಅದನ್ನೂ ಓದಿದೆ. ಮೌನ ಬಹಳ ಹೊತ್ತು ಇತ್ತು. ಆ ವಾರದ ಕೆಲಸ ಏನು ಎಂದು ಮನೆಯಲ್ಲಿ ಮಾತಾಡಿಕೊಂಡೆವು. ನಮ್ಮ ಬೀದಿಯಲ್ಲಿ ಮುಸ್ಲಿಂ ಮನೆಗಳಿವೆ. ಯಾರೋ ಎಲ್ಲೋ ಮಾಡಿದ್ದಕ್ಕೆ ಇವರು ತಲೆ ತಗ್ಗಿಸಿ ಓಡಾಡಬಾರದು. ನಾವು ನಾಲ್ಕೂ ಜನ ಅವರ ಮನೆಗಳಿಗೆ ಹೋಗಿ ಕೂತು ಚಹಾ ಕುಡಿದು ಬಂದೆವು. ಒಬ್ಬ ಹಿರಿಯರು ನಮ್ಮ ಕೈ ಹಿಡಿದುಕೊಂಡು ಏನೂ ಮಾತಾಡದೆ ಕೂತರು. ರಂಜಾನ್ ಬಂದಾಗ ಇಫ್ತಾರಿಗೆ ಕರೆದರು. ಆ ಹೋಗಿಬರುವುದು ನಿಂತಿಲ್ಲ.

ಎಲ್ಲ ವಾರವೂ ಇಷ್ಟು ಭಾರ ಇರುವುದಿಲ್ಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಮುಷ್ಕರ ಹೂಡಿದಾಗ ಅವರಿಗಾಗಿ ಬೇಡಿಕೊಂಡೆವು. ಆಗ ಹೆಂಡತಿ ಸ್ತ್ರೀಯರ ಕೂಟದಲ್ಲಿ ಒಂದು ಪ್ರಶ್ನೆ ಎತ್ತಿದಳು. ಚರ್ಚಿನ ಸುಗ್ಗಿ ಹಬ್ಬದ ಹರಾಜು, ಊಟ ಮುಗಿದ ಮೇಲೆ ಎಂಜಲು, ಪ್ಲಾಸ್ಟಿಕ್ ಎಲ್ಲ ಒಟ್ಟಿಗೆ ತುಂಬಿ ಗೇಟಿನ ಹೊರಗೆ ಇಡುತ್ತೇವಲ್ಲ, ಅದನ್ನು ಕೈ ಹಾಕಿ ಬೇರೆ ಮಾಡುವವರು ಯಾರು? ಆ ವರ್ಷದಿಂದ ನಮ್ಮಲ್ಲಿ ಸ್ಟೀಲ್ ತಟ್ಟೆ, ಹಸಿ ಕಸ ಬೇರೆ, ಒಣ ಕಸ ಬೇರೆ. ತಟ್ಟೆ ತೊಳೆಯುವ ಸರದಿಯಲ್ಲಿ ಗಂಡಸರ ಹೆಸರೂ ಇದೆ. ಸಭಾಪಾಲಕರೂ (ಪಾಸ್ಟರ್) ತೊಳೆಯುತ್ತಾರೆ.

ಈಗ ಯುವಜನರ ಕೂಟಕ್ಕೂ ತಿಂಗಳಿಗೊಂದು ಸರದಿ ಕೊಟ್ಟಿದ್ದೇವೆ. ಹೊಸ ಮತದಾರರಿಗಾಗಿ ಪ್ರಾರ್ಥಿಸಿದ ವಾರ ಅವರು ಸಭಾಂಗಣದಲ್ಲಿ ಮೇಜು ಹಾಕಿ, ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರಂ 6 ತುಂಬಿಸಲು ಕೂತರು. ಹೆಸರು ಸೇರಿಸಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ (18 ತುಂಬಿದೆಯೇ ಎಂದು ಲೆಕ್ಕ ಹಿಡಿಯುವ ದಿನಗಳು) ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಬಂದವರಲ್ಲಿ ಸಭೆಯವರಿಗಿಂತ ಅಕ್ಕಪಕ್ಕದ ಬೀದಿಯವರೇ ಜಾಸ್ತಿ. ಮುಂದಿನ ಸರದಿಗೆ ರಸ್ತೆ ಬದಿಯ ವ್ಯಾಪಾರಿಗಳಿಗಾಗಿ ಬೇಡಬೇಕು ಎಂದಿದ್ದಾರೆ. ಮೊದಲು ಹೋಗಿ ಅವರ ಹತ್ತಿರ ಮಾತಾಡಿ ಬನ್ನಿ, ಆಮೇಲೆ ಬರೆಯಿರಿ ಎಂದು ಹೇಳಿದ್ದೇನೆ.